ಕ್ಯಾಸಿನೊದಲ್ಲಿ ಕೂತು ಆಡುವ ಪೋಕರ್ ಮುಗೀತಾ? ಪೋಕರ್ ರೂಮಿನವರನ್ನೇ ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಎಲೆ ಹಂಚುವ ಡೀಲರ್ ಆಗಿ ಶುರು ಮಾಡಿ ಈಗ ಪೋಕರ್ ರೂಮಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೀರಿ ಅಂತ ಗೊತ್ತಾಯಿತು, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ಲಾಸ್ ವೇಗಸ್‌ನಲ್ಲಿ ಪೋಕರ್ ರೂಮುಗಳು ಎಷ್ಟೋ ಬಾಗಿಲು ಹಾಕಿವೆ ಅನ್ನುತ್ತಾರೆ. ಆದರೆ ಅಲ್ಲೇ ಪ್ರತಿ ವರ್ಷ ನಡೆಯುವ ದೊಡ್ಡ ಪಂದ್ಯಾವಳಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ಗೆ ದಾಖಲೆ ಜನ ಸೇರಿದ್ದರು ಅಂತಲೂ ಓದಿದೆ. ಎದುರು ಬದುರು ಕೂತು ಆಡುವ ಪೋಕರ್‌ಗೆ ಜನ ಕಮ್ಮಿ ಆಗುತ್ತಿದ್ದಾರಾ, ಇಲ್ವಾ?

ಉತ್ತರ: ನೀವು ಕೇಳಿದ್ದು ಎರಡೂ ನಿಜ. ದೊಡ್ಡ ಟೂರ್ನಮೆಂಟುಗಳು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯುತ್ತಿವೆ. ಸೊರಗಿರುವುದು ಸಣ್ಣ ರೂಮು. ಮಂಗಳವಾರ ಮಧ್ಯಾಹ್ನ ನಾಲ್ಕೈದು ಟೇಬಲ್ ಓಡುತ್ತಿದ್ದ ಕಡೆ ಈಗ ಒಂದು ಟೇಬಲ್ ಕಟ್ಟುವುದಕ್ಕೂ ಒದ್ದಾಡಬೇಕು. ಹೊರಗಿನವರಿಗೆ ಟೂರ್ನಮೆಂಟ್ ಕಾಣುತ್ತೆ, ನಮಗೆ ಖಾಲಿ ಕುರ್ಚಿ ಕಾಣುತ್ತೆ.

ಮೊದಲು ಅಂಕಿ ನೋಡೋಣ. 2003ರಲ್ಲಿ ವರ್ಲ್ಡ್ ಸೀರೀಸಿನ ಮುಖ್ಯ ಪಂದ್ಯಕ್ಕೆ ಬಂದವರು 839 ಜನ. ಆ ವರ್ಷ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ ಒಬ್ಬರು ಆನ್‌ಲೈನಿನ 86 ಡಾಲರಿನ ಅರ್ಹತಾ ಪಂದ್ಯ ಗೆದ್ದು ಒಳಗೆ ಬಂದು, 25 ಲಕ್ಷ ಡಾಲರ್ ಹೊಡೆದುಕೊಂಡು ಹೋದರು. ಎಲೆ ಹಿಡಿಯಲು ಬರುವ ಪ್ರತಿಯೊಬ್ಬನಿಗೂ ನಾನೂ ಯಾಕೆ ಗೆಲ್ಲಬಾರದು ಅನ್ನಿಸಿತು. ಆಟಗಾರರ ಕೈಯಲ್ಲಿರುವ ಎಲೆಯನ್ನು ಟೀವಿಯಲ್ಲಿ ತೋರಿಸುವ ಕ್ಯಾಮೆರಾನೂ ಅದೇ ಹೊತ್ತಿಗೆ ಎಲ್ಲ ಕಡೆ ಬಂದಿತ್ತು. ಅದಿಲ್ಲದಿದ್ದರೆ ಪೋಕರ್ ನೋಡುವುದು ಅಂದರೆ ಸುಮ್ನೆ ಒಂಬತ್ತು ಜನ ಗಲ್ಲಕ್ಕೆ ಕೈ ಕೊಟ್ಟು ಕೂತಿರುವುದನ್ನು ನೋಡುವುದು ಅಷ್ಟೇ. ಮೂರೇ ವರ್ಷ, 2006ಕ್ಕೆ ಅದೇ ಪಂದ್ಯಕ್ಕೆ 8,773 ಜನ.

ಆಮೇಲೆ ಇಳಿಯಿತು. 2006ರ ಕೊನೆಗೆ ಅಮೆರಿಕದಲ್ಲಿ ಆನ್‌ಲೈನ್ ಜೂಜಿನ ಹಣ ಸಾಗಿಸುವುದಕ್ಕೆ ತಡೆ ಹಾಕುವ ಕಾನೂನು ಬಂತು. ಮರುವರ್ಷ ಸಂಖ್ಯೆ 6,358. 2011ರ ಏಪ್ರಿಲ್ 15ಕ್ಕೆ ದೊಡ್ಡ ಪೋಕರ್ ಸೈಟುಗಳ ಮೇಲೆ ಅಲ್ಲಿನ ಸರ್ಕಾರ ಮೊಕದ್ದಮೆ ಹಾಕಿತು. ನಮ್ಮ ಕಡೆಯವರು ಆ ದಿನಕ್ಕೆ ಈಗಲೂ ಬ್ಲ್ಯಾಕ್ ಫ್ರೈಡೇ ಅಂತಲೇ ಹೇಳುತ್ತಾರೆ. ಸೈಟಿನವರ ಜಾಹೀರಾತು ದುಡ್ಡು ನಿಂತಿತು, ಅದರ ಮೇಲೆ ನಿಂತಿದ್ದ ಟೀವಿ ಕಾರ್ಯಕ್ರಮಗಳೂ ಕಮ್ಮಿಯಾದವು. ಹೊಸಬರು ಬರುವ ದಾರಿ ಕಿರಿದಾಗಿದ್ದು ಅಲ್ಲಿಂದ.

ಆದರೆ 2023ರಲ್ಲಿ 10,043 ಜನ ಬಂದು ಹಳೆಯ ದಾಖಲೆ ಮುರಿಯಿತು. 2024ರಲ್ಲಿ 10,112. 2025ರಲ್ಲಿ ಸ್ವಲ್ಪ ಇಳಿದು 9,735. ಸಾಯುತ್ತಿರುವ ಆಟಕ್ಕೆ ಇಷ್ಟು ಜನ ಬರುವುದಿಲ್ಲ.

ಪ್ರಶ್ನೆ: ಹಾಗಾದರೆ ರೂಮ್ ಯಾಕೆ ಮುಚ್ಚುತ್ತಾರೆ ಮೇಡಂ? ಜನ ಇದ್ದಾರೆ ಅಂದರೆ ದುಡ್ಡೂ ಇರಬೇಕಲ್ವಾ?

ಉತ್ತರ: ದುಡ್ಡು ಇದೆ, ಕ್ಯಾಸಿನೊದವರಿಗೆ ಸಾಲುವಷ್ಟು ಇಲ್ಲ. ಬೇರೆ ಜೂಜಿನಲ್ಲಿ ನೀವು ಆಡುವುದು ಕ್ಯಾಸಿನೊ ವಿರುದ್ಧ. ಪೋಕರ್‌ನಲ್ಲಿ ನೀವು ಪಕ್ಕದ ಕುರ್ಚಿಯವನ ವಿರುದ್ಧ ಆಡುತ್ತೀರಿ. ಕ್ಯಾಸಿನೊಗೆ ಸಿಗುವುದು ಪ್ರತಿ ಪಾಟಿನಿಂದ, ಅಂದರೆ ಆಟಗಾರರು ಪಣ ಕಟ್ಟಿ ಮಧ್ಯದಲ್ಲಿ ಸೇರಿದ ದುಡ್ಡಿನಿಂದ, ಎತ್ತಿಕೊಳ್ಳುವ ಚಿಲ್ಲರೆ ಪಾಲು. ಅದನ್ನು ರೇಕ್ ಅನ್ನುತ್ತಾರೆ. ಬೆಟ್ಟಿಂಗ್ ನಡೆಯುತ್ತಿರುವಾಗಲೇ ಡೀಲರ್ ಪಾಟಿನಿಂದ ಒಂದೋ ಎರಡೋ ಚಿಪ್ (ದುಡ್ಡಿನ ಬದಲು ಬಳಸುವ ಬಿಲ್ಲೆ) ಎಳೆದು ಬಲಗೈ ಪಕ್ಕದ ಸಣ್ಣ ಕಿಂಡಿಯ ಮೇಲೆ ಇಡುತ್ತಾರೆ, ಆ ಸುತ್ತು (ನಾವು ಅದನ್ನು ಒಂದು ಕೈ ಅನ್ನುತ್ತೇವೆ) ಮುಗಿದು ಗೆದ್ದವರ ಕಡೆ ಪಾಟ್ ತಳ್ಳಿದ ಮೇಲೆ ಅದನ್ನು ಟೇಬಲ್ ಕೆಳಗಿನ ಬೀಗ ಹಾಕಿದ ಡಬ್ಬಿಗೆ ಬೀಳಿಸುತ್ತಾರೆ. ಆ ಟಕ್ ಅನ್ನುವ ಸದ್ದು ಹೊಸಬರ ಗಮನಕ್ಕೇ ಬರುವುದಿಲ್ಲ.

ಲೆಕ್ಕ ಹಾಕಿ. ಒಂದು ಟೇಬಲ್‌ನಲ್ಲಿ ಗಂಟೆಗೆ ಹೆಚ್ಚುಕಮ್ಮಿ 30 ಕೈ ಆಗುತ್ತೆ. ಕೈಗೆ ಸರಾಸರಿ 4 ಡಾಲರ್ ಹಿಡಿದರೂ 120 ಡಾಲರ್. ಅದರಲ್ಲಿ ಡೀಲರ್ ಸಂಬಳ, ನನ್ನಂಥವರ ಸಂಬಳ, ಚಿಪ್ ಕೊಡುವ ಕ್ಯಾಷಿಯರ್, ಕುಡಿಯಲು ಕೊಡುವುದು, ಜಾಗ. ಅದೇ ಜಾಗದಲ್ಲಿ ಸ್ಲಾಟ್ ಮಷೀನ್ ಇಟ್ಟರೆ ಅದಕ್ಕೆ ಡೀಲರ್ ಬೇಡ, ಊಟದ ವಿರಾಮ ಬೇಡ, ಜಗಳ ಬಿಡಿಸುವವರು ಬೇಡ. ಮಾಲೀಕರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? 2020ರಲ್ಲಿ ಕೋವಿಡ್‌ಗೆ ಎಲ್ಲ ಮುಚ್ಚಿದಾಗ ಇದೇ ಯೋಚನೆ ಮಾಡಿದ ಎಷ್ಟೋ ಕ್ಯಾಸಿನೊಗಳು ಪೋಕರ್ ರೂಮನ್ನು ಮತ್ತೆ ತೆರೆಯಲೇ ಇಲ್ಲ. ಆಡುವವರು ಬರಲಿಲ್ಲ ಅಂತ ಮುಚ್ಚಿದ್ದಲ್ಲ ಅದು. ಮುಚ್ಚಿದ್ದನ್ನು ತೆರೆಯುವುದಕ್ಕೆ ಕಾರಣ ಸಿಗಲಿಲ್ಲ.

ಇನ್ನೊಬ್ಬ ಸದಸ್ಯರು: ಕ್ಷಮಿಸಿ, ನಾನು ಒಪ್ಪಲ್ಲ. ಎಲ್ಲ ತಪ್ಪನ್ನೂ ಕ್ಯಾಸಿನೊ ಮೇಲೆ ಹಾಕಿದರೆ ಹೇಗೆ? ನಾನು ಆಡುವುದು ಬಿಟ್ಟಿದ್ದು ಬೇಜಾರಾಗಿ. ಎಲ್ಲರೂ ಕಿವಿಗೆ ಹೆಡ್‌ಫೋನ್, ತಲೆ ಮೇಲೆ ಟೋಪಿ, ಒಂದು ಮಾತಿಲ್ಲ. ಹತ್ತು ಡಾಲರಿನ ಪಾಟಿಗೆ ಎರಡು ನಿಮಿಷ ಯೋಚನೆ. ಇದಕ್ಕೆ ಮನೆಯಲ್ಲೇ ಮೊಬೈಲಿನಲ್ಲಿ ಆಡಬಹುದಲ್ವಾ.

ಉತ್ತರ: ಕ್ಷಮೆ ಯಾಕೆ, ನೀವು ಹೇಳಿದ್ದು ಸರಿ ಇದೆ. ನನ್ನನ್ನು ಕೇಳಿದರೆ ದೊಡ್ಡ ಕಾರಣ ಇದೇ, ಕ್ಯಾಸಿನೊ ಲೆಕ್ಕ ಆಮೇಲಿನದು.

ಪೋಕರ್ ಟೇಬಲ್ ನಡೆಯುವುದು ಸೋಲುವವರಿಂದ. ಕೇಳಲು ಒರಟು ಅನ್ನಿಸಬಹುದು, ಆದರೆ ಟೇಬಲ್ ಮೇಲೆ ಹೊಸ ದುಡ್ಡು ಹುಟ್ಟುವುದಿಲ್ಲ. ಒಬ್ಬ ಗೆದ್ದದ್ದು ಇನ್ನೊಬ್ಬ ಕಳೆದುಕೊಂಡದ್ದು, ಅದರಲ್ಲೂ ರೇಕ್ ಕಳೆದು. ಶನಿವಾರ ಸಂಜೆ ಇನ್ನೂರು ಡಾಲರ್ ಹಿಡಿದುಕೊಂಡು ಬಂದು, ನಾಲ್ಕು ಜನರ ಜೊತೆ ಹರಟೆ ಹೊಡೆದು, ಒಳ್ಳೆಯ ಎಲೆ ಇಲ್ಲದಿದ್ದರೂ ಇದ್ದ ಹಾಗೆ ನಟಿಸಿ ಒಂದು ಬ್ಲಫ್ ಹಾಕಿ ಗೆದ್ದು, ಕೊನೆಗೆ ದುಡ್ಡೆಲ್ಲಾ ಬಿಟ್ಟರೂ ನಗುತ್ತಾ ಎದ್ದು ಹೋಗುತ್ತಿದ್ದರಲ್ಲ, ಆ ಗಿರಾಕಿಗಳು ಕೊಂಡುಕೊಳ್ಳುತ್ತಿದ್ದದ್ದು ಒಂದು ಒಳ್ಳೆಯ ಸಂಜೆಯನ್ನು. ಈಗ ಅವರಿಗೆ ಸಿಗುತ್ತಿರುವುದು ಪರೀಕ್ಷಾ ಕೊಠಡಿ. ದುಡ್ಡೂ ಹೋಗಬೇಕು, ಬೇಜಾರೂ ಆಗಬೇಕು ಅಂದರೆ ಯಾರು ಬರುತ್ತಾರೆ? ಆಟಗಾರರು ಇಂಥವರನ್ನು ಫಿಶ್ ಅಂತ ಆಡಿಕೊಳ್ಳುತ್ತಾರೆ. ಸಣ್ಣ ಮೀನೆಲ್ಲ ಕೆರೆ ಬಿಟ್ಟು ಹೋದ ಮೇಲೆ ದೊಡ್ಡ ಮೀನು ಒಂದನ್ನೊಂದು ನೋಡಿಕೊಂಡು ಕೂರಬೇಕಷ್ಟೇ.

ಆಟವೂ ಕಠಿಣ ಆಗಿದೆ. 2015ರ ಸುಮಾರಿಗೆ ಸಾಲ್ವರ್ ಅನ್ನುವ ಸಾಫ್ಟ್‌ವೇರ್ ಎಲ್ಲರ ಕೈಗೂ ಸಿಕ್ಕಿತು. ಯಾವ ಎಲೆಗೆ ಎಷ್ಟು ಸಲ ರೇಸ್ ಮಾಡಬೇಕು (ಪಣ ಏರಿಸಬೇಕು), ಎಷ್ಟು ಸಲ ಫೋಲ್ಡ್ ಮಾಡಬೇಕು (ಎಲೆ ಬಿಸಾಕಬೇಕು) ಅಂತ ಅದೇ ಹೇಳುತ್ತೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಲಿಬ್ರಾಟಸ್ ಅನ್ನುವ ಪ್ರೋಗ್ರಾಮ್ 1,20,000 ಕೈ ಆಡಿ ನಾಲ್ಕು ಜನ ವೃತ್ತಿಪರರನ್ನು ಸೋಲಿಸಿತು. ಕಂಪ್ಯೂಟರ್ ಬಂದು ನಮ್ಮ ಟೇಬಲ್‌ನಲ್ಲಿ ಕೂರುವುದಿಲ್ಲ ನಿಜ. ಆದರೆ ಅದರ ಹತ್ತಿರ ಪಾಠ ಕಲಿತ ಹುಡುಗರು ಬಂದು ಕೂರುತ್ತಾರೆ, ಅದೂ ಕಮ್ಮಿ ದುಡ್ಡಿನ ಟೇಬಲ್‌ನಲ್ಲೇ. ತಮಾಷೆ ಏನಂದರೆ ಆ ಟೇಬಲ್‌ನಲ್ಲಿ ಅಷ್ಟು ವಿದ್ಯೆ ಬೇಕಾಗಿಯೇ ಇಲ್ಲ. ಎದುರಿನವರ ಹತ್ತಿರ ನಗುತ್ತಾ ಮಾತಾಡುವವನೇ ಅಲ್ಲಿ ಜಾಸ್ತಿ ಗೆಲ್ಲುವುದು, ಯಾಕೆಂದರೆ ಅವನ ಜೊತೆ ಆಡಲು ಜನ ಇಷ್ಟಪಡುತ್ತಾರೆ.

ನಿಧಾನದ ವಿಷಯಕ್ಕೆ ಬಂದರೆ, ಒಬ್ಬನೇ ಒಬ್ಬ ಪ್ರತಿ ಕೈಗೂ ಕಲ್ಲಿನಂತೆ ಕೂತರೆ ಗಂಟೆಗೆ 30 ಕೈ ಇದ್ದದ್ದು 20ಕ್ಕೆ ಬರುತ್ತೆ. ಆನ್‌ಲೈನಿನಲ್ಲಿ ಒಂದೇ ಟೇಬಲ್‌ಗೆ ಅದರ ಎರಡರಷ್ಟು ಕೈ ಆಗುತ್ತೆ, ನಾಲ್ಕು ಟೇಬಲ್ ಒಟ್ಟಿಗೆ ತೆರೆದರೆ ಲೆಕ್ಕವೇ ಬೇರೆ. ಅಲ್ಲಿ ಆಡಿ ಬಂದವರಿಗೆ ಇಲ್ಲಿ ತೂಕಡಿಕೆ ಬರದೆ ಇನ್ನೇನು. ಕೆಲವು ಟೂರ್ನಮೆಂಟುಗಳಲ್ಲಿ 30 ಸೆಕೆಂಡಿನ ಗಡಿಯಾರ ಇಡುತ್ತಾರೆ. ನೇರವಾಗಿ ದುಡ್ಡಿಗೇ ಆಡುವ, ಬೇಕಾದಾಗ ಎದ್ದು ಹೋಗಬಹುದಾದ ಕ್ಯಾಶ್ ಗೇಮಿಗೂ ಅದು ಬರಬೇಕು ಅಂತ ನಾನು ನಮ್ಮ ಮ್ಯಾನೇಜರಿಗೆ ಹೇಳುತ್ತಲೇ ಇರುತ್ತೇನೆ.

ಪ್ರಶ್ನೆ: ರೇಕ್ ಲೆಕ್ಕ ಆಟಗಾರನ ಕಡೆಯಿಂದ ಹೇಳುತ್ತೀರಾ? ನಾನು ಹೋಗುವುದು 1-2 ಡಾಲರ್ ಬ್ಲೈಂಡಿನ (ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಇಡುವ ಪಣ) ಟೇಬಲ್‌ಗೆ.

ಉತ್ತರ: ಮೇಲೆ ಹೇಳಿದ 120 ಡಾಲರನ್ನು ಒಂಬತ್ತು ಜನರಿಗೆ ಹಂಚಿ. ತಲೆಗೆ ಗಂಟೆಗೆ 13 ಡಾಲರ್ ಚಿಲ್ಲರೆ. ಜಾಕ್‌ಪಾಟ್ ಹೆಸರಲ್ಲಿ ಎಷ್ಟೋ ಕಡೆ ಕೈಗೆ ಇನ್ನೊಂದು ಡಾಲರ್ ಎತ್ತುತ್ತಾರೆ. ಗೆದ್ದಾಗ ಡೀಲರಿಗೆ ಒಂದು ಡಾಲರ್ ಟಿಪ್ ಕೊಡುತ್ತೀರಿ, ಕೊಡಬೇಕು ಕೂಡ, ನಾನೂ ಅದರಲ್ಲೇ ಬದುಕಿದವಳು. ಎಲ್ಲ ಸೇರಿ ಐದು ಗಂಟೆ ಕೂತರೆ ನಿಮ್ಮೊಬ್ಬರ ಪಾಲಿಗೇ ನೂರು ಡಾಲರ್ ಆಚೀಚೆ ಟೇಬಲ್‌ನಿಂದಲೇ ಹೊರಗೆ ಹೋಗಿರುತ್ತೆ, ನೀವು ತಂದಿದ್ದು ಇನ್ನೂರು. ಇದನ್ನು ಮೀರಿ ಗೆಲ್ಲುವವರು ಇದ್ದಾರೆ, ಕಮ್ಮಿ ಇದ್ದಾರೆ. ಸುಮಾರು ರೂಮುಗಳು ಈಗ 1-2 ತೆಗೆದು 1-3 ಮಾಡಿವೆ, ಪಾಟ್ ದೊಡ್ಡದಾದರೆ ರೇಕ್ ಅಷ್ಟು ಚುಚ್ಚುವುದಿಲ್ಲ ಅಂತ. ಆದರೆ ಹೊಸಬರಿಗೆ ಒಳಗೆ ಬರುವ ಮೆಟ್ಟಿಲು ಒಂದು ಮೆಟ್ಟು ಎತ್ತರ ಆಯಿತು ಅಷ್ಟೇ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಟೂರ್ನಮೆಂಟಿಗೆ ಮಾತ್ರ ಯಾಕೆ ನುಗ್ಗುತ್ತಾರೆ?

ಉತ್ತರ: ಅಲ್ಲಿ ಎಷ್ಟು ಕಳೆದುಕೊಳ್ಳುತ್ತೀರಿ ಅನ್ನುವುದು ಮೊದಲೇ ಗೊತ್ತು. ಫೀಸು ಕಟ್ಟಿದರೆ ಮುಗಿಯಿತು, ಗೆದ್ದರೆ ಊರೆಲ್ಲಾ ಹೇಳಿಕೊಳ್ಳಬಹುದು. ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದ ಫೀಸು 1972ರಿಂದಲೂ 10,000 ಡಾಲರೇ. ಆಗಿನ ಹತ್ತು ಸಾವಿರ ಈಗಿನ ಲೆಕ್ಕದಲ್ಲಿ 70,000ಕ್ಕೂ ಜಾಸ್ತಿ. ಅಂದರೆ ವರ್ಷ ವರ್ಷ ಅದು ತಾನಾಗಿಯೇ ಅಗ್ಗ ಆಗುತ್ತಾ ಬಂದಿದೆ. ಬೇರೆ ಟೂರ್ನಮೆಂಟುಗಳ ದಾಖಲೆ ಓದುವಾಗ ಮಾತ್ರ ಸ್ವಲ್ಪ ಹುಷಾರು. ಎಷ್ಟೋ ಕಡೆ ಔಟಾದವರು ಮತ್ತೆ ದುಡ್ಡು ಕಟ್ಟಿ ಬರಬಹುದು, ಪ್ರತಿ ಸಲವೂ ಹೊಸ ಎಂಟ್ರಿ ಅಂತ ಎಣಿಸುತ್ತಾರೆ. ಸಾವಿರ ಎಂಟ್ರಿ ಅಂದರೆ ಸಾವಿರ ಜನ ಅಂತ ಅಲ್ಲ. ಮುಖ್ಯ ಪಂದ್ಯದಲ್ಲಿ ಆ ಅವಕಾಶ ಇಲ್ಲ, ಅದಕ್ಕೇ ಮೇಲೆ ಅದರ ಅಂಕಿಯನ್ನೇ ಕೊಟ್ಟೆ.

ಟೆಕ್ಸಾಸ್ ಕಥೆಯೂ ನೋಡಿ. ಅಲ್ಲಿ ಕ್ಲಬ್ಬುಗಳು ಪಾಟಿನಿಂದ ಮುಟ್ಟುವುದೇ ಇಲ್ಲ, ಕೂತ ಗಂಟೆಗೆ ಇಷ್ಟು ಅಂತ ಬಾಡಿಗೆ ತರ ತೆಗೆದುಕೊಳ್ಳುತ್ತವೆ. ಕಾನೂನಿನ ಜಗಳ ಬೇಕಾದಷ್ಟಿದೆ, ಆದರೂ ಕ್ಲಬ್ಬುಗಳು ತುಂಬಿರುತ್ತವೆ. ಅವರಿಗೆ ಪೋಕರ್ ಒಂದೇ ವ್ಯಾಪಾರ, ಜಾಗಕ್ಕೆ ಸ್ಲಾಟ್ ಮಷೀನಿನ ಪೈಪೋಟಿ ಇಲ್ಲ. ಹಾಗಾಗಿ ಆಟಗಾರರನ್ನು ಉಳಿಸಿಕೊಳ್ಳಲು ಮೈ ಬಗ್ಗಿಸಿ ದುಡಿಯುತ್ತಾರೆ.

ಪ್ರಶ್ನೆ: ಮೊದಲ ಸಲ ಹೋಗಬೇಕು ಅಂತಿದ್ದೇನೆ. ರೂಮ್ ಚೆನ್ನಾಗಿ ನಡೆಯುತ್ತಿದೆಯಾ ಅಂತ ಹೇಗೆ ತಿಳಿಯುವುದು?

ಉತ್ತರ: ಫೋನ್ ಮಾಡಿ ಕೇಳಿ. ಈಗ ಎಷ್ಟು ಟೇಬಲ್ ಓಡುತ್ತಿವೆ, ಕಾಯುವ ಪಟ್ಟಿಯಲ್ಲಿ ಎಷ್ಟು ಹೆಸರಿದೆ, ಅಂತ. ನಾವು ದಿನವಿಡೀ ಅದೇ ಉತ್ತರ ಹೇಳುತ್ತಿರುತ್ತೇವೆ, ಸಂಕೋಚ ಬೇಡ. ಅಮೆರಿಕದಲ್ಲಾದರೆ ಬ್ರಾವೊ ಪೋಕರ್ ಲೈವ್ ಆ್ಯಪಿನಲ್ಲೂ ಕೆಲವು ರೂಮುಗಳದು ಕಾಣುತ್ತೆ. ಶನಿವಾರ ರಾತ್ರಿ ಎಲ್ಲ ರೂಮೂ ತುಂಬಿರುತ್ತೆ, ಅದನ್ನು ನೋಡಿ ಮೋಸ ಹೋಗಬೇಡಿ. ವಾರದ ಮಧ್ಯದಲ್ಲಿ ಸಂಜೆ ಏಳಕ್ಕೆ ಮೂರು ಟೇಬಲ್ ಇದ್ದರೆ ಒಳ್ಳೆಯ ರೂಮ್. ಒಳಗೆ ಹೋದ ಮೇಲೆ ಕೂರುವ ಮುಂಚೆ ಐದು ನಿಮಿಷ ನಿಂತು ನೋಡಿ, ನಗು ಕೇಳಿಸುವ ಟೇಬಲ್ ಯಾವುದೋ ಅದಕ್ಕೇ ಹೆಸರು ಬರೆಸಿ.

ಪ್ರಶ್ನೆ ಕೇಳಿದವರು: ಮತ್ತೆ ನಾನು ಸೋಲಲ್ಲ ಅಂತೀರಾ ಮೇಡಂ? 😄

ಉತ್ತರ: ಸೋಲಬಹುದು. ಬೇಜಾರಂತೂ ಆಗಲ್ಲ.