ಸ್ಥಿರಾಸ್ತಿಯ ಕರಾರಿನಲ್ಲಿ ‘ಸುಸ್ಥಿರ’ ಅಂದರೆ ಏನು?

ಗೆಳೆಯರೆ,

ತುಮಕೂರಿನಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯ, ದಾನ, ವಿಭಾಗ, ಬಾಡಿಗೆ ಕರಾರು, ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಹೋದ ವಾರ ಒಂದು ಪದದ ಮುಂದೆ ಕೈ ನಿಂತುಹೋಯಿತು.

ಬಿ.ಎಚ್. ರಸ್ತೆಯಲ್ಲಿ ಮೂರು ಅಂತಸ್ತಿನ ಮಳಿಗೆ ಕಟ್ಟಿಸಿರುವ ಹಿರಿಯರೊಬ್ಬರ ಹತ್ತಿರ ಬೆಂಗಳೂರಿನ ಬಟ್ಟೆ ವ್ಯಾಪಾರದವರು ಬಾಡಿಗೆಗೆ ಬರುತ್ತಿದ್ದಾರೆ. ಅವರು ಕಳಿಸಿದ ಇಂಗ್ಲಿಷ್ ಕರಡಿನ ತಲೆಬರಹ ‘ಗ್ರೀನ್ ಲೀಸ್’, ಅಂದರೆ ಕರೆಂಟು, ನೀರು ಉಳಿಸುವ ಷರತ್ತುಗಳಿರುವ ಬಾಡಿಗೆ ಕರಾರು. ಒಳಗೆ ಹೆಜ್ಜೆಗೊಂದು ‘ಸಸ್ಟೈನಬಲ್’. ನಾನು ‘ಸುಸ್ಥಿರ ಕಟ್ಟಡ’ ಎಂದು ಬರೆದು ಓದಿ ಹೇಳಿದೆ. ಯಜಮಾನರು, “ಸ್ಥಿರವಾಗೇ ಐತಲ್ಲ ಸ್ವಾಮಿ, ಇಂಜಿನಿಯರು ಸರ್ಟಿಫಿಕೇಟ್ ಕೊಟ್ಟವ್ರೆ. ಪಿಲ್ಲರಿಗೆ ಎಷ್ಟು ಕಬ್ಬಿಣ ಹಾಕ್ಸಿದೀನಿ ಗೊತ್ತಾ?” ಅಂದರು.

ಅವರು ಹಾಗೆ ತಿಳಿದದ್ದು ಸಹಜ. ಅದೇ ಪತ್ರದ ಮೊದಲ ಪುಟದಲ್ಲಿ ಆ ಕಟ್ಟಡವನ್ನು ನಾನೇ ‘ಸ್ಥಿರಾಸ್ತಿ’ ಎಂದು ಬರೆದಿದ್ದೆ. ಅಲ್ಲಿ ಸ್ಥಿರ ಅಂದರೆ ಎತ್ತಿಕೊಂಡು ಹೋಗಲಾಗದ್ದು. ಇಂಜಿನಿಯರರ ಸ್ಥಿರತೆ ಅಂದರೆ ಬೀಳದೆ ನಿಲ್ಲುವುದು. ಇನ್ನು ‘ಸುಸ್ಥಿರ’ ಹೇಳಬೇಕಾದ ಮಾತೇ ಬೇರೆ: ನೆಲ, ನೀರು ಬರಿದಾಗದಂತೆ ಬಳಸುವುದು. ಒಂದೇ ಪತ್ರದೊಳಗೆ ಒಂದೇ ಬೇರಿನ ಪದ ಮೂರು ಅರ್ಥ ಹೊತ್ತರೆ, ನಾಳೆ ವ್ಯಾಜ್ಯವಾದಾಗ ಯಾವುದನ್ನು ಹಿಡಿಯುವುದು?

ಪದವನ್ನೇ ಬಿಡೋಣವೆಂದರೆ ಕಾನೂನು ಬಿಡುವುದಿಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದಾಗ, ದೊಡ್ಡ ವಾಣಿಜ್ಯ ಕಟ್ಟಡಗಳಿಗಿದ್ದ ಸಂಹಿತೆಯ ಹೆಸರಿಗೇ ಈ ‘ಸಸ್ಟೈನಬಲ್’ ಸೇರಿತು. ಕನ್ನಡಕ್ಕೆ ತಂದರೆ ‘ಇಂಧನ ಸಂರಕ್ಷಣೆ ಮತ್ತು ಸುಸ್ಥಿರ ಕಟ್ಟಡ ಸಂಹಿತೆ’. ಪತ್ರಿಕೆಗಳೂ ವಿಶ್ವಸಂಸ್ಥೆಯ 17 ಗುರಿಗಳಿಗೆ ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಎಂದೇ ಬರೆಯುತ್ತವೆ. ಹಾಗಾಗಿ ಕಾನೂನಿನ ಹೆಸರು ಬರುವ ಕಡೆ ಸುಸ್ಥಿರ ಇರಲಿ. ಕಂಪ್ಯೂಟರ್ ಅನುವಾದ ಕೊಡುವ ‘ಸಮರ್ಥನೀಯ’ ಮಾತ್ರ ಬೇಡವೇ ಬೇಡ. ಅದು ವಾದದಲ್ಲಿ ಸಮರ್ಥಿಸಿಕೊಳ್ಳಬಹುದಾದದ್ದು. ಕಟ್ಟಡಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಹಸಿರು ಕಟ್ಟಡ’ ಅಂದರೆ ಕುಂಡ ಇಟ್ಟು ಗಿಡ ಬೆಳೆಸುವುದು ಅನ್ನುವಷ್ಟಕ್ಕೇ ಜನ ನಿಲ್ಲುತ್ತಾರೆ.

ಮನಸ್ಸು ಮೊದಲು ಒಪ್ಪಿದ್ದು ‘ಬಾಳಿಕೆ’ಯನ್ನು. ಬಣ್ಣದ ಅಂಗಡಿಯಿಂದ ಚಪ್ಪಲಿ ಅಂಗಡಿಯವರೆಗೆ ಎಲ್ಲರೂ ಆಡುವ ಮಾತು. ಆದರೆ ಜಾಗ ನೋಡಿ ಬಂದ ಮೇಲೆ ಅದನ್ನೂ ಬಿಟ್ಟೆ. ಪಡುವಣ ಬಿಸಿಲು ನೇರ ಬೀಳುವ ಮುಂಗೋಡೆಗೆ ಮೇಲಿಂದ ಕೆಳಗೆ ಗಾಜು. ಮೂರು ಗಂಟೆಗೆ ಒಳಗೆ ನಿಂತರೆ ಬೆನ್ನು ಸುಡುತ್ತದೆ, ಏಸಿ ನಿಲ್ಲಿಸುವಂತಿಲ್ಲ. ನೆಲಮಾಳಿಗೆಯಲ್ಲಿ ಬೋರ್‌ವೆಲ್. ತಾರಸಿಗೆ ಬಿದ್ದ ಮಳೆನೀರು ಪೈಪಿನಲ್ಲಿಳಿದು ಸೀದಾ ರಸ್ತೆ ಚರಂಡಿಗೆ. ಹೇಮಾವತಿ ಹೊಳೆಯ ನೀರು ನಮ್ಮೂರಿಗೆ ಕುಡಿಯಲು ಕೊಡುವ ಬುಗುಡನಹಳ್ಳಿ ಕೆರೆಗೆ ಬಂತೇ ಎಂದು ಊರೆಲ್ಲ ಕಾಯುವ ಜಾಗ ಇದು. ಆ ಕಟ್ಟಡಕ್ಕೆ ಬಾಳಿಕೆ ಚೆನ್ನಾಗಿಯೇ ಇದೆ, ಐವತ್ತು ವರ್ಷ ಅಲ್ಲಾಡದು. ಅದು ನಿಂತಿರುವಷ್ಟು ಕಾಲವೂ ಸುತ್ತಲ ನೆಲದ ನೀರು ಎಳೆಯುತ್ತದೆ. ಬಾಳಿಕೆ ವಸ್ತುವಿನದು. ಈ ಪದ ಕೇಳುತ್ತಿರುವುದು ವಸ್ತುವನ್ನು ಹೊತ್ತ ನೆಲ ಎಷ್ಟು ದಿನ ಬಾಳೀತು ಎಂಬುದನ್ನು.

ಮೂಲದಲ್ಲೂ ಇದು ಹಾಗೇ ಹುಟ್ಟಿದ್ದು. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್, ಗಣಿಗೂ ಕುಲುಮೆಗೂ ಸೌದೆ ಸಾಲದೆ ಕಾಡು ಬರಿದಾಗುವುದನ್ನು ಕಂಡು, ಮತ್ತೆ ಬೆಳೆಯುವಷ್ಟನ್ನೇ ಕಡಿಯಬೇಕೆಂದು ಬರೆದ. ಅವನ ಲೆಕ್ಕ ಕಾಡಿನ ಕಡೆಯಿಂದ. ನಮ್ಮವರು ಬಡ್ಡಿ ತಿನ್ನು, ಅಸಲು ಮುಟ್ಟಬೇಡ ಅಂದಹಾಗೆ.

ಆದ್ದರಿಂದ ನಾನು ಸದ್ಯಕ್ಕೆ ಇಟ್ಟಿರುವುದು ‘ನೆಲ ತಾಳುವ ಕಟ್ಟಡ’. ತಾಳು ಎಂಬುದರಲ್ಲಿ ಹೊರುವುದೂ ಇದೆ, ಉಳಿಯುವುದೂ ಇದೆ. ‘ತಾಳಿದವನು ಬಾಳಿಯಾನು’ ಎಂಬಲ್ಲಿ ಎರಡೂ ಕೂಡಿವೆ. ತಾಳಬೇಕಾದ್ದು ನೆಲ, ಕಟ್ಟಡವಲ್ಲ ಎಂಬುದು ಈ ಮಾತಿನಲ್ಲಿ ಎದ್ದು ಕಾಣುತ್ತದೆ. ಆದರೆ ಇದರಿಂದ ‘ಸುಸ್ಥಿರತೆ’ಯಂಥ ನಾಮಪದ ಮಾಡಲು ಹೋದರೆ ‘ನೆಲತಾಳಿಕೆ’ ಎಂದಾಗುತ್ತದೆ. ಕಿವಿಗೆ ಸರಿ ಕೂರುತ್ತಿಲ್ಲ.

ಇನ್ನು ‘ಲೀಸ್’. ನಮ್ಮಲ್ಲಿ ಮನೆ ಲೀಸಿಗೆ ಹಾಕುವುದು ಅಂದರೆ ಭೋಗ್ಯ: ಇಡಿಗಂಟು ಪಡೆದು, ಬಾಡಿಗೆಯಿಲ್ಲದೆ ಬಿಟ್ಟು, ಕೊನೆಗೆ ಗಂಟು ಹಿಂತಿರುಗಿಸುವುದು. ‘ಗ್ರೀನ್ ಲೀಸ್’ ಎಂದ ಕೂಡಲೇ ಯಜಮಾನರ ಮುಖ ಸಣ್ಣದಾಯಿತು, “ಹಂಗಾದ್ರೆ ತಿಂಗಳ ಬಾಡಿಗೆ ಬರಲ್ವಾ?” ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ರೈತರಿಂದ ಸುಮಾರು 13,000 ಎಕರೆ ಪಡೆದದ್ದಕ್ಕೆ ಎಲ್ಲರೂ ‘ಗುತ್ತಿಗೆ’ ಅನ್ನುತ್ತಾರೆ. ಅಲ್ಲಿ ವರ್ಷಕ್ಕೆ ಎಕರೆಗಿಷ್ಟು ಎಂಬ ನಿಗದಿ ಇದೆ, ಪದ ಒಪ್ಪುತ್ತದೆ. ಈ ಕರಾರಿನಲ್ಲಿ ಬಾಡಿಗೆಯ ಮೇಲೆ ಇನ್ನೊಂದು ಸಂಗತಿ ಇದೆ. ಗಾಜಿಗೆ ನೆರಳು, ತಾರಸಿಗೆ ಸೋಲಾರ್, ಎಲ್ಲದರ ಖರ್ಚು ಮಾಲೀಕರದು. ಕರೆಂಟ್ ಬಿಲ್ ತಗ್ಗುವ ಲಾಭ ಬಾಡಿಗೆದಾರರದು. ಹಾಗಿದ್ದರೆ ಮಾಲೀಕರು ಯಾಕೆ ದುಡ್ಡು ಹಾಕುತ್ತಾರೆ? ಅದಕ್ಕೇ ಉಳಿದ ಹಣದಲ್ಲಿ ಇಬ್ಬರಿಗೂ ಪಾಲು ಎಂದು ಕರಡು ಹೇಳುತ್ತದೆ. ನಾನು ಅರ್ಧ ಪುಟ ವಿವರಿಸಿದ್ದನ್ನು ಕೇಳಿಸಿಕೊಂಡು ಯಜಮಾನರೇ ಅಂದರು, “ಹೊಲ ವಾರಕ್ಕೆ ಕೊಟ್ಟಂಗೆ ಅನ್ನಿ.” ಹೌದು, ಬಂದ ಬೆಳೆಯಲ್ಲಿ ಇಂತಿಷ್ಟು ಪಾಲು. ಆ ಷರತ್ತಿಗೆ ‘ಉಳಿತಾಯದ ವಾರ’ ಎಂದೇ ತಲೆಬರಹ ಕೊಟ್ಟಿದ್ದೇನೆ.

ನಿಮ್ಮಲ್ಲಿ ಕೇಳುವುದು ಎರಡು. ಪೇಟೆಯ ಓದುಗರು ‘ವಾರ’ವನ್ನು ಏಳು ದಿನ ಎಂದು ಓದಿಬಿಡುತ್ತಾರೆಯೇ? ‘ವಾರದ ಪಾಲು’ ಎಂದರೆ ಇನ್ನೂ ಗೊಂದಲವೇ? ಎರಡನೆಯದು, ಕುಣಿಗಲ್, ಶಿರಾ ಕಡೆಯ ಕೆರೆ ಬಯಲಿನವರಿಗೆ: ಕೆರೆ ನೀರು ಹಂಚುವ ನೀರಗಂಟಿಗಳು ತೂಬು ಎತ್ತುವಾಗ ಇಷ್ಟು ಬಿಡಬೇಕು, ಮಿಕ್ಕಿದ್ದು ಕೆರೆಯಲ್ಲೇ ಇರಬೇಕು ಎನ್ನುವ ಅಳತೆಗೆ, ‘ಸುಸ್ಥಿರತೆ’ಯ ಜಾಗದಲ್ಲಿ ಕೂರುವಂಥ ಯಾವುದಾದರೂ ಪದ ಬಳಕೆಯಲ್ಲಿತ್ತೇ? ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಪತ್ರ ನೋಂದಣಿಗೆ ಹೋಗುವುದು ಮುಂದಿನ ಸೋಮವಾರ.