41 ಅಧ್ಯಾಯ ಬರೆದರೂ ಮುಖಪುಟದಲ್ಲಿ ಕಾಣಿಸುತ್ತಿಲ್ಲ, ಕಥೆ ಆರಿಸುವವರು ಯಾರು?

ಮಂಡಿಪೇಟೆ ಹುಡುಗಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಒಂದು ಕಥೆ ಆ್ಯಪ್‌ನಲ್ಲಿ 14 ತಿಂಗಳಿಂದ ಧಾರಾವಾಹಿ ಬರೆಯುತ್ತಿದ್ದೇನೆ. ಆ್ಯಪ್ ಹೆಸರು ಬೇಡ ಬಿಡಿ. ಹಗಲು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ ಮೊಬೈಲ್‌ನಲ್ಲೇ ಟೈಪ್ ಮಾಡುತ್ತೇನೆ. 41 ಅಧ್ಯಾಯ ಆಯಿತು. ಕಥೆ ನಮ್ಮೂರಿನದೇ. ಹತ್ತಿ ಮಿಲ್ ಮುಚ್ಚಿದ ಮೇಲೆ ಒಬ್ಬ ಕಾರ್ಮಿಕನ ಮನೆ ಹೇಗೆ ನಡೆಯಿತು, ಅವನ ಹೆಂಡತಿ ಮಿರ್ಚಿ ಅಂಗಡಿ ಇಟ್ಟು ಮೂರು ಮಕ್ಕಳನ್ನು ಹೇಗೆ ಓದಿಸಿದಳು ಅನ್ನೋದು.

ಆ್ಯಪ್ ತೆರೆದರೆ ಮುಖಪುಟದ ತುಂಬಾ ಒಪ್ಪಂದದ ಮದುವೆ, ಕೋಟ್ಯಧಿಪತಿ ಗಂಡ, ಅದೇ ಅದೇ. ನನ್ನದು ಒಂದು ದಿನವೂ ಬಂದಿಲ್ಲ. ಮೇಲ್ ಹಾಕಿದೆ. "ನಿಮ್ಮ ಬರವಣಿಗೆ ನಮಗೆ ಅಮೂಲ್ಯ" ಅಂತ ಒಂದೇ ಸಾಲಿನ ಉತ್ತರ ಬಂತು. ಒಬ್ಬರು ಮಾತ್ರ ಪ್ರತಿ ಅಧ್ಯಾಯಕ್ಕೂ "ಮುಂದಿನ ಭಾಗ ಬೇಗ ಹಾಕಿ ಅಕ್ಕ" ಅಂತ ಬರೆಯುತ್ತಾರೆ, ಅವರಿಗೋಸ್ಕರವೇ ಇಲ್ಲಿವರೆಗೂ ಎಳೆದುಕೊಂಡು ಬಂದಿದ್ದೇನೆ.

ನಿಜವಾಗಿ ಕಥೆ ಆರಿಸುವುದು ಯಾರು? ಮನುಷ್ಯರು ಓದುತ್ತಾರಾ, ಇಲ್ಲ ಎಲ್ಲಾ ಯಂತ್ರವೇನಾ? ಒಳಗೆ ಯಾರಾದರೂ ಪರಿಚಯ ಇರಬೇಕು ಅಂತ ನಮ್ಮ ಭಾವ ಹೇಳುತ್ತಾರೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಅಕ್ಕ, ಪರಿಚಯ ಗಿರಿಚಯ ಏನೂ ಬೇಡ. ನನಗೆ ಅಲ್ಲಿ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ, ಆದರೂ ನನ್ನ ಕಥೆ 11 ದಿನ ಮುಖಪುಟದಲ್ಲಿತ್ತು. ಹೌದು, ಒಪ್ಪಂದದ ಮದುವೆ ಕಥೆಯೇ. ಬೈಯಬೇಡಿ.

ನಾನು ಕಂಡ ಹಾಗೆ, ಸಂಪಾದಕರು ಕೂತು ಆರಿಸುವ ಒಂದು ಸಣ್ಣ ಸಾಲು ಇರುತ್ತದೆ, ಸ್ಪರ್ಧೆ ಗೆದ್ದವು, ವಾರದ ಕಥೆ, ಅಂಥದ್ದು. ಉಳಿದ ಜಾಗ ಪೂರ್ತಿ ಯಂತ್ರದ್ದು. ಕನ್ನಡ ಚೆನ್ನಾಗಿದೆಯಾ ಇಲ್ಲವಾ ಅಂತ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ತೆರೆದವರು ಕೊನೆವರೆಗೂ ಹೋದರಾ, ಮುಗಿದ ತಕ್ಷಣ ಮುಂದಿನ ಅಧ್ಯಾಯ ಒತ್ತಿದರಾ, ನಾಳೆ ಮತ್ತೆ ಬಂದರಾ, ಇಷ್ಟೇ ಎಣಿಕೆ. ಜಾಸ್ತಿ ಒತ್ತಿಸಿಕೊಂಡ ಕಥೆಯನ್ನು ಇನ್ನೂ ನಾಲ್ಕು ಜನಕ್ಕೆ ತೋರಿಸುತ್ತದೆ, ಅವರೂ ಒತ್ತಿದರೆ ನಲವತ್ತು ಜನಕ್ಕೆ.

ಹಾಗಾಗಿ ನಾನು ಎಷ್ಟೋ ಅಧ್ಯಾಯಗಳ ಕೊನೆಗೆ ಯಾರೋ ಬಾಗಿಲು ಬಡಿಯುವ ಹಾಗೆ ಮಾಡುತ್ತಿದ್ದೆ. ಮೊನ್ನೆ ಸುಮ್ನೆ ಕೂತು ಎಣಿಸಿದೆ. 58 ಅಧ್ಯಾಯದಲ್ಲಿ 23 ಸಲ ಬಾಗಿಲು ಬಡಿದಿದ್ದಾರೆ! ಅದರಲ್ಲಿ ಎರಡು ಸಲ ಹಾಲಿನವನು.

ಆಮೇಲೆ ಅಮ್ಮನ ಕಣ್ಣಿನ ಆಪರೇಷನ್‌ಗೆ ದಾವಣಗೆರೆಗೆ ಬಂದು 9 ದಿನ ಏನೂ ಹಾಕಲಿಲ್ಲ. ವಾಪಸ್ ಬಂದು ನೋಡಿದರೆ ಕಥೆ ಎಲ್ಲೂ ಕಾಣಿಸುತ್ತಿಲ್ಲ. ಅಂಗಡಿ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನಲ್ಲ, ಅದು ನಿಮಗೇ ಚೆನ್ನಾಗಿ ಗೊತ್ತು. ನೀವು ಎಷ್ಟು ದಿನಕ್ಕೊಂದು ಅಧ್ಯಾಯ ಹಾಕುತ್ತೀರಿ? 14 ತಿಂಗಳಿಗೆ 41 ಅಂದರೆ ಹತ್ತು ಹನ್ನೊಂದು ದಿನಕ್ಕೆ ಒಂದು. ಯಂತ್ರಕ್ಕೆ ಅಷ್ಟು ತಾಳ್ಮೆ ಇಲ್ಲ ಅಕ್ಕ.

ಬೆಣ್ಣೆ ಖಾಲಿ

ಇಷ್ಟೆಲ್ಲಾ ಯಾಕೆ ಗುರು, ಮನೆ ಗ್ರೂಪು, ಶಾಲೆ ಗ್ರೂಪು ಎಲ್ಲಾ ಕಡೆ ಲಿಂಕ್ ಹಾಕಿ 5 ಸ್ಟಾರ್ ಒತ್ತಿಸಿ. ಮುಗೀತು.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಅದನ್ನೂ ಮಾಡಿ ನೋಡಿದ್ದೇನೆ ಅಣ್ಣ. ಚಿಕ್ಕಪ್ಪ ದೊಡ್ಡಪ್ಪ ಎಲ್ಲಾ ಬಂದು ಸ್ಟಾರ್ ಒತ್ತಿ, ಒಂದು ಸಾಲೂ ಓದದೆ ಹೊರಗೆ ಹೋದರು. ತೆರೆದವರು ತಕ್ಷಣ ಓಡಿಹೋಗುತ್ತಿದ್ದಾರೆ ಅಂತ ಯಂತ್ರ ಲೆಕ್ಕ ಹಾಕಿದರೆ ಇರೋದಕ್ಕೂ ಕಲ್ಲು. ದೊಡ್ಡಪ್ಪ ಈಗಲೂ ಸಿಕ್ಕಿದಾಗಲೆಲ್ಲ "ಬಾಳ ಚಲೋ ಬರ್ದೀ" ಅನ್ನುತ್ತಾರೆ. ನಾಯಕಿ ಹೆಸರು ಕೇಳಿದರೆ ಗೊತ್ತಿಲ್ಲ.

ಖಾರ ಮಂಡಕ್ಕಿ (ಊರು ದಾವಣಗೆರೆ, ಸದ್ಯಕ್ಕೆ ಬೆಂಗಳೂರು)

ಒಂದೊಂದು ಕಡೆ ಒಂದೊಂದು ರೀತಿ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಇಂಗ್ಲಿಷಿನಲ್ಲಿ ಜಾಸ್ತಿ ನಡೆಯುವ 'ಮೀಡಿಯಂ' ಅನ್ನುವ ಬರಹದ ತಾಣ, ಯಂತ್ರವನ್ನೇ ನಂಬಿದರೆ ಆಗುವುದಿಲ್ಲ ಅಂತ 2023ರಲ್ಲಿ 'ಬೂಸ್ಟ್' ಅನ್ನುವ ವ್ಯವಸ್ಥೆ ತಂದಿತು. ಅಲ್ಲಿ ಮನುಷ್ಯರೇ ಓದಿ, ಇದನ್ನು ಜಾಸ್ತಿ ಜನಕ್ಕೆ ತೋರಿಸಿ ಅಂತ ಶಿಫಾರಸು ಮಾಡುತ್ತಾರೆ. 2006ರಲ್ಲಿ ಶುರುವಾದ ವಾಟ್‌ಪ್ಯಾಡ್ ಅನ್ನುವ ಕಥೆ ಆ್ಯಪ್‌ನಲ್ಲಿ ಕಥೆಗೆ ನೀವು ಹಾಕುವ ಟ್ಯಾಗ್, ಅಂದರೆ ವಿಷಯದ ಗುರುತು ಪದದ ಮೇಲೆ ಸ್ಥಾನ ಸಿಗುತ್ತದೆ, ಜೊತೆಗೆ 'ವಾಟೀಸ್' ಅನ್ನುವ ಸ್ಪರ್ಧೆ ಬೇರೆ.

ಆದರೆ ನಾನು ಮುಖ್ಯವಾಗಿ ನೋಡುವುದು ದುಡ್ಡು ಯಾವುದಕ್ಕೆ ಎಣಿಸುತ್ತಾರೆ ಅನ್ನೋದನ್ನು. ಚಂದಾ ಕಟ್ಟಿ ಪುಸ್ತಕ ಓದುವ ಅಮೆಜಾನಿನ ಕಿಂಡಲ್ ಅನ್‌ಲಿಮಿಟೆಡ್ ಮೊದಲು ಪುಸ್ತಕವನ್ನು ಒಬ್ಬರು ತೆಗೆದುಕೊಂಡು ಸ್ವಲ್ಪ ಓದಿದರೂ ಲೇಖಕರಿಗೆ ಒಂದು ಪಾಲು ಕೊಡುತ್ತಿತ್ತು, ಪುಸ್ತಕ ಚಿಕ್ಕದಾದರೂ ಅಷ್ಟೇ, ದಪ್ಪ ಇದ್ದರೂ ಅಷ್ಟೇ. ಹಾಗಾಗಿ ಪುಟ್ಟ ಪುಟ್ಟ ಪುಸ್ತಕ ಬರೆದವರಿಗೆ ಲಾಭ. 2015ರ ಜುಲೈನಿಂದ ಓದಿದ ಪುಟಕ್ಕೆ ಇಷ್ಟು ಅಂತ ಬದಲಾಯಿಸಿದರು, ಆಗ ಉದ್ದ ಬರೆಯುವವರ ಕಾಲ ಬಂತು. ಅವೇ ಕೈಗಳು, ಅದೇ ಕೀಬೋರ್ಡು, ಲೆಕ್ಕ ಬದಲಾದ ಕೂಡಲೇ ಕಥೆಯ ಅಳತೆಯೂ ಬದಲಾಯಿತು. ನೀವು ಬರೆಯುವ ಆ್ಯಪ್‌ನಲ್ಲಿ ಓದುಗರು ಅಧ್ಯಾಯದ ಬೀಗ ತೆಗೆಯಲು ದುಡ್ಡು ಕೊಡುತ್ತಾರಾದರೆ, ಬೀಗ ಜಾಸ್ತಿ ಇರುವ ಕಥೆಯನ್ನೇ ಅವರು ಮುಂದೆ ಇಡುವುದು. ಅದು ಅವರ ವ್ಯಾಪಾರ. ನಿಮ್ಮ ಬಟ್ಟೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಯಾವ ಸೀರೆ ನೇತು ಹಾಕಿರುತ್ತಾರೆ? ಅದೇ ಇದು.

ಇನ್ನೊಂದು ವಿಷಯ. ಯಂತ್ರ ಬೇಡ, ಮನುಷ್ಯರೇ ಓದಬೇಕು ಅಂದರೆ ಕೆಂಡಸಂಪಿಗೆ, ಅವಧಿ ಥರದ ಅಂತರ್ಜಾಲ ಪತ್ರಿಕೆಗಳಿವೆಯಲ್ಲ. ಅಲ್ಲಿ ಸಂಪಾದಕರು ಕೂತು ಓದುತ್ತಾರೆ. 41 ಅಧ್ಯಾಯ ಕಳಿಸಬೇಡಿ ಮತ್ತೆ. ಆ ಮಿರ್ಚಿ ಅಂಗಡಿ ಭಾಗವನ್ನೇ ಸಣ್ಣ ಕಥೆ ಮಾಡಿ ನೋಡಿ.

ಹಳೇ ಮೇಷ್ಟ್ರು (ಚಿತ್ರದುರ್ಗ)

ನೋಡಮ್ಮ, ನಿನ್ನ ಪ್ರಶ್ನೆ ಓದಿ ನಗು ಬಂತು, ನಿನ್ನ ಮೇಲಲ್ಲ, ನನ್ನ ಮೇಲೆ. ನಾನು ವಾರಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದ ಕಾಲದಲ್ಲಿ ಜೊತೆಗೆ ಸ್ವವಿಳಾಸದ, ಅಂಚೆ ಚೀಟಿ ಹಚ್ಚಿದ ಲಕೋಟೆ ಇಡಬೇಕಿತ್ತು. ಇಡದಿದ್ದರೆ ಕಥೆ ವಾಪಸ್ ಬರುತ್ತಿರಲಿಲ್ಲ. ನನ್ನವು ತಪ್ಪದೆ ವಾಪಸ್ ಬರುತ್ತಿದ್ದವು.

ಈ ಸಂಪಾದಕರು ಓದುತ್ತಲೇ ಇಲ್ಲ ಅಂತ ನನಗೆ ಗುಮಾನಿ. ಒಂದು ಸಲ 4ನೇ ಪುಟ, 5ನೇ ಪುಟದ ನಡುವೆ ಒಂದು ಅನ್ನದ ಅಗುಳು ಹಚ್ಚಿ ಅಂಟಿಸಿ ಕಳಿಸಿದೆ. ಎರಡು ತಿಂಗಳು ಬಿಟ್ಟು ಲಕೋಟೆ ಬಂತು. ಅಂಗಳದಲ್ಲೇ ಹರಿದು ನೋಡಿದೆ, ಅಗುಳು ಒಣಗಿ ಹಾಗೇ ಅಂಟಿಕೊಂಡಿತ್ತು. ಕೇರಿಗೆಲ್ಲಾ ಕೇಳುವ ಹಾಗೆ ಬೈದೆ. ನಮ್ಮ ಮನೆಯವಳು ಆ ಹಾಳೆ ಇಸಕೊಂಡು ಅಲ್ಲೇ ಕಟ್ಟೆ ಮೇಲೆ ಕೂತು ಓದಿದಳು, ನಾಲ್ಕನೇ ಪುಟ ಮುಗಿಸಿ, "ನಾನೂ ಇಲ್ಲೇ ಬಿಡುತ್ತಿದ್ದೆ" ಅಂದಳು. ಮಳೆ ಬರುವುದನ್ನೇ ಮೂರು ಪುಟ ಬರೆದಿದ್ದೆ, ದುರ್ಗದ ಕಡೆ ಮಳೆ ಬಂದರೆ ಅಷ್ಟು ಸಂಭ್ರಮ ಅಂತ ಇಟ್ಟುಕೊಳ್ಳಿ.

ನಿಮ್ಮ ಆ್ಯಪ್‌ನಲ್ಲಿ ಪ್ರತಿ ಅಧ್ಯಾಯವನ್ನು ಎಷ್ಟು ಜನ ಓದಿದರು ಅಂತ ತೋರಿಸುತ್ತದಲ್ಲ? ಅನ್ನದ ಅಗುಳು ಅದೇ. ಎಲ್ಲಿ ಅಂಟಿಕೊಂಡಿದೆ ನೋಡಮ್ಮ.

ಮಂಡಿಪೇಟೆ ಹುಡುಗಿ (ದಾವಣಗೆರೆ)

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನೀವು ಹೇಳಿದ ಮೇಲೆ ಲೆಕ್ಕದ ಪುಸ್ತಕ ಬರೆದ ಹಾಗೆ ಒಂದು ಹಾಳೆಯಲ್ಲಿ ಗೆರೆ ಹೊಡೆದು ಬರೆದುಕೊಂಡೆ. ಮೊದಲ ಅಧ್ಯಾಯ ಓದಿದವರು 612, ಎರಡನೆಯದು 540. ಮೂರನೆಯದು 97. ಆಮೇಲೆ ಕೊನೆವರೆಗೂ ಹತ್ತಿರ ಹತ್ತಿರ 80, 85, ಜಾಸ್ತಿ ಇಳಿದೇ ಇಲ್ಲ. ಅಂದರೆ ಮೂರು ದಾಟಿದವರು ಹೋಗಿಲ್ಲ, ಅಲ್ವಾ?

ಎರಡರ ಕೊನೆಗೆ ಏನಿದೆ ಅಂತ ನೋಡಿದರೆ, ಮಿಲ್ ಮುಚ್ಚಿದ ದಿನ ಅಪ್ಪ ಊಟದ ಡಬ್ಬಿ ತೆರೆಯದೇ ವಾಪಸ್ ತಂದ ಅಂತ ಬರೆದು, ಅಲ್ಲೇ ನಿಲ್ಲಿಸದೆ, "ಮುಂದಿನ ಭಾಗದಲ್ಲಿ ಮನೆತನದ ಪರಿಚಯ" ಅಂತ ನಾನೇ ಹಾಕಿಬಿಟ್ಟಿದ್ದೇನೆ. ಮೂರರಲ್ಲಿ ಅಜ್ಜನ ಅಣ್ಣ ತಮ್ಮಂದಿರು ಒಟ್ಟು ಆರು ಜನ, ಅವರ ಹೆಂಡಿರು, ಹೊಲದ ಜಗಳ.

ಇವತ್ತು ರಾತ್ರಿ ಆ ಸಾಲು ತೆಗೆಯುತ್ತೇನೆ. ಮೂರನ್ನು ಒಡೆದು ಬೇರೆ ಬೇರೆ ಕಡೆ ಹಂಚುತ್ತೇನೆ. ವಾರಕ್ಕೆ ಎರಡು ಹಾಕಲು ನೋಡುತ್ತೇನೆ, ದಿನಾ ಅಂತೂ ಆಗುವುದಿಲ್ಲ, ಮದುವೆ ಸೀಸನ್ ಬೇರೆ, ಅಂಗಡಿ ಮುಚ್ಚುವುದೇ ರಾತ್ರಿ ಒಂಬತ್ತೂವರೆಗೆ.

ಖಾರ ಮಂಡಕ್ಕಿ ಅವರೇ, ಸಣ್ಣ ಕಥೆ ಕಳಿಸುವಾಗ ನುಡಿ ಫಾಂಟಿನಲ್ಲಿ ಕಳಿಸಬೇಕಾ, ಯೂನಿಕೋಡ್ ಆಗುತ್ತದಾ? ನನ್ನದೆಲ್ಲಾ ಮೊಬೈಲ್‌ನಲ್ಲೇ ಇದೆ.

ಖಾರ ಮಂಡಕ್ಕಿ (ಊರು ದಾವಣಗೆರೆ, ಸದ್ಯಕ್ಕೆ ಬೆಂಗಳೂರು)

ಯೂನಿಕೋಡೇ ಕಳಿಸಿ. ಮೊಬೈಲ್‌ನಲ್ಲಿ ಬರೆದಿದ್ದು ಯೂನಿಕೋಡೇ ಇರುತ್ತದೆ, ಮೇಲ್‌ನಲ್ಲಿ ಅಂಟಿಸಿದರೆ ಸಾಕು. ಡಬ್ಬಿಯಿಂದಲೇ ಶುರು ಮಾಡಿ.