ಕಾಕಾ ಕಳಿಸಿದ ಗೋವಾ ಪೋಸ್ಟರ್

ಗ್ರೂಪ್: ವಾಡೆ ಮಂದಿ, ಬೆಳಗಾವಿ

ಕಾಕಾ: (ಫಾರ್ವರ್ಡ್ ಆಗಿ ಬಂದ ಪೋಸ್ಟರ್)
ಹೊಸ ವರ್ಷಕ್ಕೆ ಗೋವಾ!!! 3 ರಾತ್ರಿ 4 ದಿನ. ಒಬ್ಬರಿಗೆ ಕೇವಲ ₹6,999*. ಡಿಸೆಂಬರ್ 29ಕ್ಕೆ ಬೆಳಗಾವಿಯಿಂದ ಹೊರಡುತ್ತದೆ. ಎಸಿ ಬಸ್ಸು, ಡೀಲಕ್ಸ್ ರೂಮು, ನಾಷ್ಟಾ, ನಾರ್ತ್ ಗೋವಾ, ಸೌತ್ ಗೋವಾ ಪೂರ್ತಿ ದರ್ಶನ. ಕೆಲವೇ ಸೀಟು ಬಾಕಿ!!!

ಕಾಕಾ: ನಾವು 9 ಮಂದಿ. ಅರ್ಧ ಅಡ್ವಾನ್ಸ್ ಕೊಟ್ಟರೆ ಸೀಟು ಹಿಡಿಯುತ್ತಾರಂತೆ. ಬುಕ್ ಮಾಡಿಬಿಡಲಾ?

ಪ್ರವೀಣ: ಕಾಕಾ, ಮಾಡಿಬಿಡಿ. ಕೇಳೋದೇನಿದೆ.

ಮನೆಯವರು: (ಹೆಬ್ಬೆರಳು)

ನಾನು: ಕಾಕಾ, ಒಂದು ನಿಮಿಷ. ₹6,999ರ ಪಕ್ಕದಲ್ಲಿ ಒಂದು ಚುಕ್ಕಿ ಇದೆ ನೋಡಿ. ಪೋಸ್ಟರ್ ದೊಡ್ಡದು ಮಾಡಿದರೆ ಕೆಳಗೆ ಬೂದು ಬಣ್ಣದಲ್ಲಿ ಬರೆದಿದ್ದಾರೆ. ಒಂದು ರೂಮಿಗೆ ನಾಲ್ಕು ಮಂದಿ. ಹೊಸ ವರ್ಷದ ಹೆಚ್ಚುವರಿ ತಲೆಗೆ ₹1,500. ಜಿಎಸ್‌ಟಿ ಬೇರೆ. ಮಧ್ಯಾಹ್ನ, ರಾತ್ರಿ ಊಟ ನಮ್ಮದೇ. ಬೋಟು ನಮ್ಮದೇ.
9 ಮಂದಿಗೆ ₹62,991. ಹೆಚ್ಚುವರಿ ₹13,500. ಅದರ ಮೇಲೆ 5% ಜಿಎಸ್‌ಟಿ. ಊಟ ಶುರುವಾಗುವ ಮೊದಲೇ ₹80,000 ದಾಟಿತು.

ಕಾಕಾ: ನೋಡವ್ವಾ, ಹೊಸ ವರ್ಷ ಅಂದಮೇಲೆ ಸ್ವಲ್ಪ ಜಾಸ್ತಿ ಇರುತ್ತದೆ. ನೂರು ಚಿಲ್ಲರೆ ಕಿಲೋಮೀಟರ್. ಚೋರ್ಲಾ ಘಾಟ್ ಇಳಿದರೆ ಗೋವಾ. ಅಷ್ಟು ಹತ್ತಿರ ಬೇರೆ ಯಾವ ಸಮುದ್ರ ಇದೆ?

ಕೊಲ್ಲಾಪುರ ಅತ್ತೆ: ವೆಂಗುರ್ಲಾ ಇದೆಯಲ್ಲ. ಅಂಬೋಲಿ ಇಳಿದರೆ ಆಯ್ತು. ನಮ್ಮ ಮಹಾರಾಷ್ಟ್ರದ ಸರ್ಕಾರಿ ಬಸ್ಸು, ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. 75 ದಾಟಿದ ನಮ್ಮ ಅವ್ವನಿಗೆ ಪೂರ್ತಿ ಪುಕ್ಕಟೆ.

ಕಾಕು: ಅಕ್ಕಾ, ಅವ್ವನ ಆಧಾರ್ ಬೆಳಗಾವಿದು. ನಿಮ್ಮ ಎಸ್‌ಟಿ ಕಂಡಕ್ಟರ್ ಒಪ್ಪುತ್ತಾನಾ ಮೊದಲು ಕೇಳಿ.

ನಾನು: ಹತ್ತಿರ ಅನ್ನೋದು ನಿಜ ಕಾಕಾ. ಆದರೆ ಪೋಸ್ಟರಿನ ಎರಡನೇ ದಿನ ಓದಿ. ಅಗ್ವಾದ ಕೋಟೆ, ಕಲಂಗುಟ್, ಬಾಗಾ, ಅಂಜುನಾ, ವಾಗಾತೋರ್. ಮೂರನೇ ದಿನ ಹಳೇ ಗೋವಾದ ಚರ್ಚು, ಮಂಗೇಶಿ, ಮಿರಾಮಾರ್, ದೋನಾ ಪಾವ್ಲಾ, ಸಂಜೆ ಮಾಂಡವಿ ನದಿಯಲ್ಲಿ ಬೋಟು. ಬಸ್ಸು ಇಳಿ, ಫೋಟೋ ತೆಗೆ, ಬಸ್ಸು ಹತ್ತು. ಸಮುದ್ರಕ್ಕೆ ಇಳಿಯೋದು ಯಾವಾಗ? ಮಕ್ಕಳು ಒದ್ದೆಯಾದರೆ ಎಸಿ ಬಸ್ಸಿಗೆ ಹತ್ತಿಸಿಕೊಳ್ಳುತ್ತಾರಾ?
ಸಮುದ್ರಕ್ಕೆ ಟಿಕೆಟ್ ಇಲ್ಲ. ರೊಕ್ಕ ಹೋಗೋದು ನಾವು ತಿರುಗಾಡೋದಕ್ಕೆ. ನನ್ನ ಮಾತು ಇಷ್ಟೇ: ಒಂದೇ ಊರು ಹಿಡಿಯೋಣ, ದಂಡೆಗೆ ನಡೆದು ಹೋಗುವಷ್ಟು ದೂರದಲ್ಲಿ ರೂಮು ಮಾಡೋಣ, ಅಲ್ಲೇ ಇರೋಣ.

ಪ್ರವೀಣ: ನಾಲ್ಕು ದಿನ ಒಂದೇ ಕಡೆ? ವೈನಿ, ಬೋರ್ ಆಗೋದಿಲ್ವಾ? ಗೋವಾದಲ್ಲಿ ಸ್ಕೂಟಿ ಬಾಡಿಗೆಗೆ ತಗೊಂಡು ಸುತ್ತಬಹುದು.

ನಾನು: 9 ಮಂದಿಗೆ ಎಷ್ಟು ಸ್ಕೂಟಿ? ಅಜ್ಜಿಯನ್ನು ನೀನು ಕೂರಿಸಿಕೊಳ್ಳುತ್ತೀಯಾ? ಮತ್ತೆ ಬಾಡಿಗೆ ಗಾಡಿ ಅಂದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಗಾಡಿ ಅಗ್ಗ ಅಂತ ತಗೊಂಡರೆ ಪೊಲೀಸರು ಹಿಡಿದಾಗ ಅಗ್ಗ ಎಷ್ಟು ಅಂತ ಗೊತ್ತಾಗುತ್ತದೆ.
ಗೋವಾ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಿನ್ನ ದೋಸ್ತರ ಜೊತೆ ಹೋಗು. ಗೋವಾ ಎಕ್ಸ್‌ಪ್ರೆಸ್ ಹತ್ತು, ಮಡಗಾಂವ್‌ನಲ್ಲಿ ಇಳಿದು ಕೋಲ್ವಾ ಬಸ್ಸು ಹಿಡಿ. ಚೈನಿ ಮಾಡು. ಅಜ್ಜಿ, ಮಕ್ಕಳು ಇರುವ ಪ್ರವಾಸ ಬೇರೆ.

ಕಾಕಾ: ಹಾಗಾದರೆ ನೀನೇ ಹೇಳವ್ವಾ, ಎಲ್ಲಿಗೆ?

ನಾನು: ಗೋಕರ್ಣ.

ಪ್ರವೀಣ: ಅಯ್ಯೋ. ತೀರ್ಥಯಾತ್ರೆ.

ಕಾಕು: ಅವ್ವನ ವಾಯ್ಸ್ ನೋಟ್ ಹಾಕುತ್ತಿದ್ದೇನೆ. ಯಾರೂ ನಡುವೆ ಮಾತಾಡಬೇಡಿ.

ಕಾಕು: (ವಾಯ್ಸ್ ನೋಟ್)

ಮನೆಯವರು: ಆಫೀಸಿನಲ್ಲಿದ್ದೇನೆ. ಯಾರಾದರೂ ಬರೆದು ಹಾಕಿ.

ಕಾಕು: "ನನ್ನ ಮೊಣಕಾಲು ನನಗೆ ಗೊತ್ತು, ನೀವು ಹೇಳೋದು ಬೇಡ. ಗೋಕರ್ಣ ಅಂದರೆ ಬರುತ್ತೇನೆ. ಗೋವಾ ಅಂದರೆ ನನ್ನ ಹೆಸರು ತೆಗೆಯಿರಿ, ಮನೆ ಕಾಯುತ್ತೇನೆ." ಕೊನೆಗೆ ಕಾಕಾಗೆ ಎರಡು ಮಾತು ಇದೆ. ಅದನ್ನು ಬರೆಯೋದಿಲ್ಲ.

ನಾನು: ಈಗ ಖರ್ಚಿನ ಮಾತು. ಬೆಳಗಾವಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲಾ, ಅಂಕೋಲಾದಿಂದ ಗೋಕರ್ಣ. ದಾರಿ ಪೂರ್ತಿ ಕರ್ನಾಟಕದೊಳಗೇ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಜ್ಜಿ, ಕಾಕು, ನಾನು, ಮಗಳು, ನಾಲ್ಕು ಮಂದಿಗೆ ಶೂನ್ಯ ಟಿಕೆಟ್. ಗಂಡಸರು ಮೂವರು, ಅತ್ತೆ, ಮಗನ ಅರ್ಧ. ನಾಲ್ಕೂವರೆ ಟಿಕೆಟ್‌ನಲ್ಲಿ 9 ಮಂದಿ. ಕಾಕಾಗೆ ಹಿರಿಯ ನಾಗರಿಕರ 25% ರಿಯಾಯಿತಿ ಬೇರೆ. ರಾಜಹಂಸ, ಸ್ಲೀಪರ್, ಎಸಿ ಹತ್ತಬಾರದು ಅಷ್ಟೇ. ಅದಕ್ಕೆ ಶಕ್ತಿ ನಡೆಯೋದಿಲ್ಲ.

ಕೊಲ್ಲಾಪುರ ಅತ್ತೆ: ನನಗೆ ಯಾಕೆ ಪೂರ್ತಿ ಟಿಕೆಟ್? ನಾನು ಹೆಂಗಸಲ್ವಾ?

ಕಾಕು: ಅಕ್ಕಾ, ನಿಮ್ಮ ಆಧಾರ್ ಕೊಲ್ಲಾಪುರದ್ದು.

ಕೊಲ್ಲಾಪುರ ಅತ್ತೆ: ಹುಟ್ಟಿದ್ದು ಅದೇ ವಾಡೆಯಲ್ಲಿ. ಕೊಟ್ಟ ಮೇಲೆ ತವರಿನ ಬಸ್ಸಿಗೂ ರೊಕ್ಕ ಕೊಡಬೇಕು. ಇರಲಿ.

ಪ್ರವೀಣ: ಅತ್ತೆ, ನಿಮ್ಮ ಟಿಕೆಟ್ ನನ್ನದು.

ಕೊಲ್ಲಾಪುರ ಅತ್ತೆ: ಮೊದಲು ನೌಕರಿ ಹಿಡಿ.

ಕಾಕಾ: ಮೂರು ಬಸ್ಸು ಬದಲಿಸೋದು, ಅರಬೈಲ್ ಘಾಟ್‌ನಲ್ಲಿ ಹುಡುಗರು ವಾಂತಿ ಮಾಡೋದು, ಇದು ಪ್ರವಾಸವಾ? ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗೋಣ. ತಲೆಗೆ ಹಂಚಿದರೆ ಏನೂ ಆಗೋದಿಲ್ಲ.

ನಾನು: ಟೆಂಪೋ ನಾಲ್ಕು ದಿನ ನಮ್ಮ ಜೊತೆ ನಿಲ್ಲಬೇಕು. ಬಾಡಿಗೆ, ಡ್ರೈವರ್ ಭತ್ಯೆ, ಅವನಿಗೆ ಊಟ, ಮಲಗೋ ಜಾಗ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗಾಡಿ ಬಾಗಿಲಲ್ಲಿ ನಿಂತಿದ್ದರೆ ನಿಮಗೆ ಕೂರೋಕೆ ಮನಸ್ಸು ಬರೋದಿಲ್ಲ ಕಾಕಾ. "ಬಾಡಿಗೆ ಕೊಡುತ್ತಿದ್ದೇವೆ, ಸುಮ್ನೆ ಯಾಕೆ ನಿಲ್ಲಬೇಕು" ಅಂತ ಮುರ್ಡೇಶ್ವರ, ಇಡಗುಂಜಿ, ಜೋಗ ಎಲ್ಲ ಒಂದೇ ದಿನ ಮುಗಿಸುತ್ತೀರಿ. ನಿಮ್ಮನ್ನು ನಾನು ನೋಡಿಲ್ವಾ.
ಬಸ್ಸಿನಲ್ಲಿ ಪೂರ್ತಿ ಒಂದು ದಿನ ಹೋಗುತ್ತದೆ, ಅದನ್ನು ಮುಚ್ಚಿಡೋದಿಲ್ಲ. ಯಲ್ಲಾಪುರದಲ್ಲಿ ಇಳಿದು ಊಟ ಮಾಡಿ, ಅಜ್ಜಿ ಕಾಲು ಚಾಚಿ ಕೂತ ಮೇಲೆ ಮುಂದಿನ ಬಸ್ಸು ಹತ್ತೋಣ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ ಸಿಗುತ್ತದೆ. ಉಪ್ಪು ಎಲ್ಲಿಂದ ಬರುತ್ತದೆ ಅಂತ ಮಗ ಮೊನ್ನೆ ತಾನೇ ಕೇಳಿದ್ದ. ಬಸ್ಸಿನ ಕಿಟಕಿಯಿಂದಲೇ ನೋಡಲಿ.

ಮನೆಯವರು: ಅಮ್ಮಾ ನಾನು. ಅಪ್ಪನ ಫೋನ್. ವಾಂತಿ ಮಾಡೋದು ತಮ್ಮ ಮಾತ್ರ, ನಾನಲ್ಲ.

ನಾನು: ಅಪ್ಪ ಆಫೀಸಿನಲ್ಲಿದ್ದೇನೆ ಅಂದರಲ್ಲ?

ಮನೆಯವರು: ಈ ಮೆಸೇಜ್ ಅಳಿಸಲಾಗಿದೆ

ಕಾಕಾ: ಸರಿ, ಗೋಕರ್ಣ ಅಂತಲೇ ಇಟ್ಟುಕೊಳ್ಳೋಣ. ಆದರೆ ಡಿಸೆಂಬರ್ 29ಕ್ಕೇ ಹೋಗೋಣ. ಪ್ರವೀಣನಿಗೆ ರಜೆ ಇದೆ.

ನಾನು: ಆ ವಾರ ಅಲ್ಲೂ ರೂಮು ಸಿಗೋದಿಲ್ಲ. ಸಿಕ್ಕರೂ ಅವರು ಹೇಳಿದ್ದೇ ರೇಟು. ಸಂಕ್ರಮಣ ಮುಗಿದ ಮೇಲಿನ ವಾರ ನೋಡೋಣ. ಸೋಮವಾರದಿಂದ ಗುರುವಾರ. ಬೆಂಗಳೂರಿನವರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬರುತ್ತಾರೆ, ಭಾನುವಾರ ರಾತ್ರಿ ವಾಪಸ್ ಹೋಗುತ್ತಾರೆ. ನಾವು ಅವರು ಖಾಲಿ ಮಾಡಿದ ರೂಮಿಗೆ ಹೋಗೋದು. ಜನವರಿ 26ರ ಹತ್ತಿರದ ರಜೆಗೆ ಸಿಕ್ಕಿಬೀಳಬಾರದು, ಅದೊಂದು ನೋಡಿಕೊಳ್ಳಬೇಕು. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪುತ್ತದೆ. ತಪ್ಪಲಿ.
ರೂಮು ಕುಡ್ಲೆ, ಓಂ ದಂಡೆಯಲ್ಲಿ ಬೇಡ. ಊರೊಳಗೆ, ದೇವಸ್ಥಾನದ ಸುತ್ತಿನ ಓಣಿಗಳಲ್ಲಿ ಯಾತ್ರೆಯವರಿಗೆ ಅಂತ ರೂಮು ಕೊಡುವ ಮನೆಗಳಿವೆ. ಅಲ್ಲಿಂದ ಊರಿನ ದಂಡೆಗೆ ಅಜ್ಜಿಯೂ ನಡೆಯಬಹುದು. ಮೂರು ರೂಮು, ಒಂದಕ್ಕೆ ದಿನಕ್ಕೆ ₹1,200ರ ಮೇಲೆ ನಾನು ಒಪ್ಪೋದಿಲ್ಲ. ಮೂರು ರಾತ್ರಿಗೆ ₹10,800. ಊಟಕ್ಕೆ ತಲೆಗೆ ದಿನಕ್ಕೆ ₹400 ಹಿಡಿದರೆ ನಾಲ್ಕು ದಿನಕ್ಕೆ ₹14,400. ಬಸ್ಸು, ಆಟೋ, ಎಳನೀರು, ಪ್ರವೀಣನ ಐಸ್‌ಕ್ರೀಮ್ ಸೇರಿ ₹35,000 ಒಳಗೆ ಮುಗಿಯಬೇಕು.

ಕಾಕಾ: ಊಟಕ್ಕೆ ₹14,400 ಯಾಕೆ? ಅಡುಗೆ ಮನೆ ಇರುವ ಹೋಮ್‌ಸ್ಟೇ ಹಿಡಿಯೋಣ. ಅಕ್ಕಿ, ಬೇಳೆ, ಖಾರಪುಡಿ ಮನೆಯಿಂದ ಒಯ್ಯೋಣ. ಸಂಕ್ರಮಣದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇದ್ದೇ ಇರುತ್ತದೆ. ಹತ್ತು ಸಾವಿರ ಉಳಿಯಿತು ನೋಡು.

ಪ್ರವೀಣ: ಸೂಪರ್ ಐಡಿಯಾ ಕಾಕಾ.

ಮನೆಯವರು: (ಹೆಬ್ಬೆರಳು)

ನಾನು: ಆ ಹೆಬ್ಬೆರಳು ಯಾರದ್ದು, ಮಗಳದ್ದಾ, ನಿಮ್ಮದಾ? ನಿಮ್ಮದಾದರೆ ಸಂಜೆ ಮನೆಗೆ ಬನ್ನಿ, ಮಾತಾಡೋಣ.
ಕಾಕಾ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಹೇಳಲೇಬೇಕು. ಹಿಂದಿನ ಸಲ ಕರಾವಳಿಗೆ ಹೋದಾಗ ಹೀಗೇ ಉಳಿತಾಯ ಮಾಡಿದೆವು. ಆ ಹೋಮ್‌ಸ್ಟೇ ಅಡುಗೆ ಮನೆಯಲ್ಲಿ ಒಲೆಯ ಒಂದೇ ಬರ್ನರ್ ಹತ್ತುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ ಸಡಿಲ, ಸೀಟಿ ಬರುವ ಬದಲು ಬದಿಯಿಂದ ನೀರು ಸುರಿಯುತ್ತಿತ್ತು. 9 ಮಂದಿಗೆ ಅನ್ನ ಎರಡು ಸಲ ಇಡಬೇಕು. ಮೊದಲ ಅನ್ನ ಇಳಿಸಿ, ಸಾರು ಇಟ್ಟು, ಎರಡನೇ ಅನ್ನ ಇಡುವಷ್ಟರಲ್ಲಿ ನೀವೆಲ್ಲ ನೀರಿನಿಂದ ಎದ್ದು "ಹಸಿವು" ಅಂತ ಬಂದಿರಿ. ಊಟ ಆದ ಮೇಲೆ ಪಾತ್ರೆ. ಪಾತ್ರೆ ಆದ ಮೇಲೆ ಬಚ್ಚಲಲ್ಲಿ ಮರಳು ತುಂಬಿದ ಬಟ್ಟೆಯ ರಾಶಿ. ಅದು ಆಗುವಷ್ಟರಲ್ಲಿ ಸಂಜೆ ಚಾ. ಕಿಟಕಿಯಿಂದ ತೆಂಗಿನ ಮರಗಳ ನಡುವೆ ಒಂದು ಗೇಣು ಸಮುದ್ರ ಕಾಣುತ್ತಿತ್ತು. ಕಾಕು ಮತ್ತು ನಾನು ನೋಡಿದ ಸಮುದ್ರ ಅಷ್ಟೇ.
ನೀವು ಹತ್ತು ಸಾವಿರ ಉಳಿಯಿತು ಅಂದಿರಿ. ಉಳಿಯಲಿಲ್ಲ. ಅದನ್ನು ನಾವಿಬ್ಬರು ಕೊಟ್ಟೆವು. ನಿಮ್ಮ ಲೆಕ್ಕದಲ್ಲಿ ಬರಲಿಲ್ಲ, ಅಷ್ಟೇ.

(ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಎಲ್ಲರೂ ಓದಿದ್ದರು, ನೀಲಿ ಟಿಕ್ ಬಂದಿತ್ತು.)

ಕಾಕು: ನನ್ನ ಮಾತೂ ಅದೇ.

ಕೊಲ್ಲಾಪುರ ಅತ್ತೆ: ಹೆಂಗಸರು ದಂಡೆಯಲ್ಲಿ ಕೂತರೆ ಗಂಡಸರಿಗೆ ಹಸಿವು ಜಾಸ್ತಿ ಆಗುತ್ತದೆ, ಇದು ಎಲ್ಲ ಮನೆಯ ಕಥೆ. ಅಡುಗೆ ಮನೆ ಬೇಡ. ನಾನು ಗೋಕರ್ಣಕ್ಕೆ ಬರುತ್ತೇನೆ. ವೆಂಗುರ್ಲಾ ಇನ್ನೊಮ್ಮೆ.

ಪ್ರವೀಣ: ವೈನಿ, ನಾನು ಅಡುಗೆ ಮಾಡುತ್ತೇನೆ.

ಕಾಕು: ನೀನು ಮಾಡೋದು ಮ್ಯಾಗಿ.

ಕಾಕಾ: ನಾನು ಕೆಟ್ಟದ್ದಕ್ಕೆ ಹೇಳಲಿಲ್ಲವ್ವಾ. ಹೊರಗಿನ ಊಟ ಅವ್ವನಿಗೆ ಆಗೋದಿಲ್ಲ ಅಂತ ಹೇಳಿದೆ.

ನಾನು: ಅಜ್ಜಿಗೆ ಅನ್ನ, ಸಾರು, ಮಜ್ಜಿಗೆ ಸಾಕು. ದೇವಸ್ಥಾನದ ಊರು, ಸಸ್ಯಾಹಾರಿ ಊಟಕ್ಕೆ ಬರ ಇಲ್ಲ. ನಿಮಗೆ ಬಂಗಡೆ ಬೇಕು, ಅದನ್ನು ನೇರವಾಗಿ ಹೇಳಿ. ಅಂಕೋಲಾದಲ್ಲಿ ಬಸ್ಸು ಬದಲಿಸುವಾಗ ಮೀನು ಊಟದ ಖಾನಾವಳಿ ಹುಡುಕಿಕೊಳ್ಳಿ. ನಾವು ಸ್ಟ್ಯಾಂಡಿನಲ್ಲಿ ಬ್ಯಾಗು ಕಾಯುತ್ತೇವೆ, ಅರ್ಧ ಗಂಟೆ ಕೊಟ್ಟೆ.
ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆ ಉಳಿದರೆ ಒಯ್ಯೋಣ, ಬಸ್ಸಿನಲ್ಲಿ ಹುಡುಗರಿಗೆ ಆಗುತ್ತದೆ. ಪ್ರವಾಸಕ್ಕೆ ಅಂತ ಹೊಸದಾಗಿ ಮಾಡೋದಿಲ್ಲ. ಕಡಕ್ ರೊಟ್ಟಿ ಅಲ್ಲಿನ ಗಾಳಿಗೆ ಮರುದಿನವೇ ಮೆತ್ತಗಾಗುತ್ತದೆ. ಮುರಿದರೆ ಮುರಿಯೋದಿಲ್ಲ, ಎಳೆದರೆ ಹರಿಯುತ್ತದೆ. ಅದು ಮನೆಯಲ್ಲೇ ಇರಲಿ.

ಪ್ರವೀಣ: ಸರಿ. ನಾಲ್ಕು ದಿನ ನಾನೇನು ಮಾಡಲಿ, ಅದನ್ನಾದರೂ ಹೇಳಿ.

ನಾನು: ಊರಿನಿಂದ ಗುಡ್ಡ ಹತ್ತಿ ಕುಡ್ಲೆಗೆ ನಡೆ. ಕುಡ್ಲೆಯಿಂದ ಕಾಲುದಾರಿಯಲ್ಲಿ ಓಂ. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಒಂದು ರೂಪಾಯಿ ಖರ್ಚಿಲ್ಲ. ಬೆಳಿಗ್ಗೆ ಬೇಗ ಹೊರಡು, ನೀರಿನ ಬಾಟಲಿ ಒಯ್ಯಿ, ಕತ್ತಲಾಗುವ ಮೊದಲು ಬಾ. ಓಂ ದಂಡೆಯ ಬಂಡೆ ಮೇಲೆ ನಿಂತು ಸೆಲ್ಫಿ ಬೇಡ. ಅಲೆ ಬಂದಾಗ ಬಂಡೆ ಜಾರುತ್ತದೆ. ಕೆಂಪು ಬಾವುಟ ಇದ್ದ ಕಡೆ ನೀರಿಗೆ ಇಳಿಯಬಾರದು. ಇದು ಕಾಕಾಗೂ ಸೇರಿ.

ಕಾಕಾ: ಕಾರವಾರದಿಂದ ಗೋವಾ ಹತ್ತಿರ ಅಲ್ವಾ? ಬರುವಾಗ ಒಂದು ದಿನ...

ಕಾಕು: ನಾವು ಕಾರವಾರದ ಮೇಲೆ ಬರೋದಿಲ್ಲ. ಹೋದ ಸಲ ಗೋವಾದಿಂದ ಬರುವಾಗ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ನನ್ನ ಸೀರೆ ಬ್ಯಾಗಿನಿಂದ ಏನು ಹೊರಗೆ ಬಂತು ಅಂತ ಗ್ರೂಪಿನಲ್ಲಿ ಹಾಕಲಾ?

ಕಾಕಾ: ಬೇಡ.

ಪ್ರವೀಣ: ಹಾಕಿ ಕಾಕು, ಹಾಕಿ!!

ಕಾಕಾ: ಪೋಸ್ಟರಿನವನಿಗೆ ಬೇಡ ಅಂತ ಹೇಳಿದೆ. ಗೋಕರ್ಣದ ರೂಮಿಗೆ ಯಾರು ಫೋನ್ ಮಾಡುತ್ತೀರಿ?

ನಾನು: ನಾನು ಮಾಡುತ್ತೇನೆ. ಆ್ಯಪಿನಲ್ಲಿ ಹೆಸರು ನೋಡಿಕೊಂಡು ನೇರವಾಗಿ ಮಾತಾಡಿದರೆ ಸ್ವಲ್ಪ ಇಳಿಸುತ್ತಾರೆ. ಬಿಸಿನೀರು ಇದೆಯಾ, ಅಜ್ಜಿಗೆ ಕಮೋಡ್ ಇದೆಯಾ, ಕೆಳಗಿನ ಮಹಡಿ ಸಿಗುತ್ತದಾ, ಮೂರೂ ಕೇಳಿಕೊಂಡು ಒಂದು ರಾತ್ರಿಯದ್ದು ಮಾತ್ರ ಅಡ್ವಾನ್ಸ್ ಕಳಿಸೋದು. ಪೂರ್ತಿ ರೊಕ್ಕ ಮೊದಲೇ ಕೇಳಿದರೆ ಬೇರೆ ಮನೆ.
ದೇವಸ್ಥಾನಕ್ಕೆ ಗಂಡಸರು ಧೋತರ ತಗೊಳ್ಳಿ, ಪ್ಯಾಂಟಿನಲ್ಲಿ ಒಳಗೆ ಬಿಡೋದಿಲ್ಲ. ಅಲ್ಲಿ ಹೋಗಿ ಹೊಸದು ಕೊಳ್ಳೋದು ಬೇಡ.

ಮನೆಯವರು: ನಾನೇ ಬರೆಯುತ್ತಿದ್ದೇನೆ, ಮಗಳಲ್ಲ. ಸಾಹೇಬರ ಹತ್ತಿರ ಮಾತಾಡಿದೆ. ನಾಲ್ಕು ದಿನ ರಜೆ ಕೊಡುತ್ತಾರಂತೆ. ಒದ್ದೆ ಬಟ್ಟೆ ನಾನು, ಪ್ರವೀಣ ಒಗೆಯುತ್ತೇವೆ.

ಪ್ರವೀಣ: ನನ್ನನ್ನು ಯಾಕೆ ಎಳೆದಿರಿ ಅಣ್ಣಾ?

ಕಾಕು: ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಮನೆಯವರು: ಬೆಳಿಗ್ಗೆ ಸ್ಟ್ಯಾಂಡಿಗೆ ಎಷ್ಟು ಗಂಟೆಗೆ?

ನಾನು: ಆರಕ್ಕೆ. ಹೆಂಗಸರೆಲ್ಲ ಆಧಾರ್ ಒರಿಜಿನಲ್ ತರಬೇಕು. ಅತ್ತೆ, ನೀವು ಹಿಂದಿನ ದಿನವೇ ಬಂದುಬಿಡಿ.